ಕೆನಲ್: ಒಂದು ನಾಯಿಮನೆಯ ಒಡೆತನದ ಚರಿತ್ರೆ



ಒಂದು ಪದವನ್ನು ಹಿಡಿದು ಅದರ ಹಿಂದಿನ ಜನಜೀವನವನ್ನು ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ನಾನು ಆರಿಸಿಕೊಂಡ ಪದ ಇಂಗ್ಲಿಷಿನದು. ಈಗ ನಮ್ಮ ನಗರಗಳ ಬೋರ್ಡುಗಳ ಮೇಲೆ ಕನ್ನಡ ಲಿಪಿಯಲ್ಲೇ ಕಾಣುವಂಥದ್ದು: 'ಕೆನಲ್'. ಊರಿಗೆ ಹೋಗುವವರು ಸಾಕಿದ ನಾಯಿಯನ್ನು ನಾಲ್ಕು ದಿನ ಬಿಟ್ಟುಹೋಗುವ ಜಾಗ ಕೆನಲ್. ಮರಿ ಮಾಡಿಸಿ ಮಾರುವವರ ಸಂಸ್ಥೆ ಕೆನಲ್. ಪೊಲೀಸ್ ಶ್ವಾನದಳದ ನಾಯಿಗಳಿರುವ ಸಾಲುಕೋಣೆಗಳೂ ಕೆನಲ್. ಅಂಗಳದ ಮೂಲೆಯಲ್ಲಿ ಹಲಗೆ ಬಡಿದು ಮಾಡಿದ ಗೂಡಿಗೂ ಕೆಲವರು ಇದೇ ಹೆಸರು ಹೇಳುತ್ತಾರೆ. ಇದಕ್ಕೆ 'ನಾಯಿಮನೆ' ಎಂದು ಅರ್ಥ ಹೇಳಿದರೆ ತಪ್ಪಾಗುವುದಿಲ್ಲ, ಆದರೆ ಸಾಲುವುದಿಲ್ಲ. ನಾಯಿ ಸಾಕಿದವರೆಲ್ಲ ಕೆನಲ್ ಕಟ್ಟಿದವರಲ್ಲ. ಬೇಟೆಯ ಹಕ್ಕನ್ನು ತಮ್ಮ ಕೈಯಲ್ಲಿಟ್ಟುಕೊಂಡಿದ್ದ ಒಡೆಯರ ಅಂಗಳದಲ್ಲಿ ಈ ಮಾತು ಬೆಳೆಯಿತು. ಆರು ಶತಮಾನಗಳಿಗೂ ಹೆಚ್ಚು ಕಾಲ ಕಳೆದರೂ ಆ ಒಡೆತನದ ಗುರುತು ಅದರ ಮೇಲೆ ಉಳಿದಿದೆ. ನಾನು ಇಂದು ಹೇಳಬೇಕಾದದ್ದು ಇದು. ಮುಂದಿನದೆಲ್ಲ ಇದರ ಸಾಕ್ಷ್ಯ.

ಬೇರಿನಿಂದ ತೊಡಗುತ್ತೇನೆ. ಲ್ಯಾಟಿನ್ನಿನಲ್ಲಿ ನಾಯಿಗೆ 'ಕನಿಸ್' ಎನ್ನುತ್ತಾರೆ. ಪ್ರಾಣಿಯ ಹೆಸರಿಗೆ 'ಈಲೆ' ಎಂಬ ಪ್ರತ್ಯಯ ಹತ್ತಿಸಿದರೆ ಅದನ್ನು ಕಟ್ಟುವ ತಾಣದ ಹೆಸರಾಗುತ್ತದೆ. ಕುರಿಗೆ 'ಒವಿಸ್', ಕುರಿದೊಡ್ಡಿಗೆ 'ಒವೀಲೆ'. ಕುದುರೆಗೆ 'ಎಕ್ವುಸ್', ಲಾಯಕ್ಕೆ 'ಎಕ್ವೀಲೆ'. ಎತ್ತಿನ ಕೊಟ್ಟಿಗೆಗೆ 'ಬೊವೀಲೆ', ಆಡಿನ ಹಟ್ಟಿಗೆ 'ಕಪ್ರೀಲೆ'. ಈ ದಾರಿಯಲ್ಲೇ ನಡೆದರೆ ನಾಯಿಯ ತಾಣ 'ಕನೀಲೆ' ಆಗಬೇಕು. ಭಾಷಾವಿಜ್ಞಾನಿಗಳು ಈ 'ಕನೀಲೆ'ಯ ತಲೆಯ ಮೇಲೆ ಒಂದು ನಕ್ಷತ್ರದ ಗುರುತು ಇಡುತ್ತಾರೆ. ಬರಹದಲ್ಲಿ ಸಿಕ್ಕ ರೂಪವಲ್ಲ, ಮಕ್ಕಳ ಮುಖ ನೋಡಿ ಊಹಿಸಿದ ತಾಯಿಯ ಮುಖ ಎಂದು ಆ ನಕ್ಷತ್ರದ ಅರ್ಥ. ಮಕ್ಕಳಂತೂ ಇಂದಿಗೂ ಬದುಕಿದ್ದಾರೆ: ಇಟಲಿಯಲ್ಲಿ 'ಕನೀಲೆ', ಪೋರ್ಚುಗಲ್ಲಿನಲ್ಲಿ 'ಕನಿಲ್', ಫ್ರಾನ್ಸಿನಲ್ಲಿ 'ಶೆನಿಲ್'. ಲ್ಯಾಟಿನ್ನಿನ ಪಂಡಿತರು ಬರೆಯದಿದ್ದ ಪದವನ್ನು ಲ್ಯಾಟಿನ್ ಆಡುತ್ತಿದ್ದ ಜನ ನಾಲಗೆಯ ಮೇಲೆ ಉಳಿಸಿಕೊಂಡು ಬಂದರು.

ಫ್ರೆಂಚ್ ನಾಡಿನಲ್ಲಿ ಪದದ ದಾರಿ ಎರಡಾಗಿ ಸೀಳಿತು. ಲ್ಯಾಟಿನ್ನಿನ ಪದಾದಿಯ 'ಕ'ಕಾರ, ಮುಂದೆ 'ಅ' ಸ್ವರವಿದ್ದ ಕಡೆ, ಪ್ಯಾರಿಸ್ ಸುತ್ತಿನ ಆಡುಮಾತಿನಲ್ಲಿ ಮೊದಲು 'ಚ'ಕಾರವಾಗಿ ಆಮೇಲೆ 'ಶ'ಕಾರವಾಯಿತು. ಬೆಕ್ಕು 'ಶಾ' ಆಯಿತು, ಕುದುರೆ 'ಶೆವಾಲ್' ಆಯಿತು, ಕೋಟೆ 'ಶಾತೋ' ಆಯಿತು. ಉತ್ತರದ ನಾರ್ಮಂಡಿ ಮತ್ತು ಪಿಕಾರ್ದಿ ಪ್ರಾಂತಗಳ ಜನ ಮಾತ್ರ ಹಳೆಯ 'ಕ'ಕಾರವನ್ನು ಬಿಡಲಿಲ್ಲ. ಈ ಎರಡು ಉಚ್ಚಾರಗಳ ನಡುವಿನ ಗಡಿಯನ್ನು ಶಾರ್ಲ್ ಜೋರೆ ಎಂಬ ವಿದ್ವಾಂಸ 1883ರಲ್ಲಿ ಗುರುತಿಸಿದ. ಭಾಷಾ ಭೂಪಟಗಳಲ್ಲಿ ಆ ಗೆರೆಗೆ ಇಂದಿಗೂ ಅವನದೇ ಹೆಸರು. ಗೆರೆಯ ದಕ್ಷಿಣಕ್ಕೆ 'ಚೆನಿಲ್' ಎಂದರೆ ಉತ್ತರಕ್ಕೆ 'ಕೆನಿಲ್'. 1066ರಲ್ಲಿ ಇಂಗ್ಲೆಂಡನ್ನು ಗೆದ್ದವರು ನಾರ್ಮಂಡಿಯವರಾದ್ದರಿಂದ ಕಡಲು ದಾಟಿದ್ದು 'ಕ'ಕಾರದ ರೂಪ. ಇಂಗ್ಲಿಷಿನ 'ಕಾಸಲ್', 'ಕಾಲ್ಡ್ರನ್', 'ಕ್ಯಾಬೇಜ್' ಎಲ್ಲವೂ ಅದೇ ಹಡಗಿನಲ್ಲಿ ಬಂದವು. ಮುಂದೆ ಪ್ಯಾರಿಸ್ಸಿನ ಫ್ರೆಂಚ್ ಪ್ರಬಲವಾದ ಮೇಲೆ ಒಂದೇ ಮೂಲದ ಪದ ಎರಡನೆಯ ಬಾರಿ, ಚಕಾರದ ವೇಷದಲ್ಲಿ ಬಂದದ್ದೂ ಉಂಟು. ಹಾಗಾಗಿಯೇ ದನಕರುಗಳಿಗೆ 'ಕ್ಯಾಟಲ್', ಚರಾಸ್ತಿಗೆ 'ಚ್ಯಾಟಲ್'. ಹಿಡಿಯುವುದಕ್ಕೆ 'ಕ್ಯಾಚ್', ಅಟ್ಟಿಸಿಕೊಂಡು ಹೋಗುವುದಕ್ಕೆ 'ಚೇಸ್'. ನಾಯಿಮನೆಯ ಪದ ಹೀಗೆ ಎರಡನೆಯ ಸಲ ಬಂದು ನೆಲೆಯೂರಲಿಲ್ಲ. 14ನೆಯ ಶತಮಾನದ ಇಂಗ್ಲಿಷ್ ಬರಹದಲ್ಲಿ ಕಾಣುವ 'ಕೆನೆಲ್' ಇಂದಿನವರೆಗೂ ಹೆಚ್ಚು ಕಡಿಮೆ ಅದೇ ರೂಪದಲ್ಲಿದೆ. ಒತ್ತು ಮಾತ್ರ ಇಂಗ್ಲಿಷಿನ ರೂಢಿಯಂತೆ ಮೊದಲ ಅಕ್ಷರಕ್ಕೆ ಸರಿಯಿತು.

ಇಲ್ಲಿ ಕನ್ನಡ ಕೇಳುಗರಿಗೆ ಒಂದು ನಂಟಿನ ಸಂಗತಿ ಹೇಳಬೇಕು. ಲ್ಯಾಟಿನ್ನಿನ 'ಕನಿಸ್', ಗ್ರೀಕಿನ 'ಕ್ಯೂಓನ್', ಸಂಸ್ಕೃತದ 'ಶ್ವನ್' ಒಂದೇ ಮೂಲದವು. ಆ ಮೂಲಭಾಷೆಯ 'ಕ'ಕಾರ ಸಂಸ್ಕೃತದಲ್ಲಿ 'ಶ'ಕಾರವಾಗುವುದು ನಿಯಮ: ನೂರಕ್ಕೆ ಲ್ಯಾಟಿನ್ನಿನಲ್ಲಿ 'ಕೆಂಟುಮ್', ಸಂಸ್ಕೃತದಲ್ಲಿ 'ಶತಮ್'. ಅದೇ 'ಕ'ಕಾರ ಜರ್ಮಾನಿಕ್ ಭಾಷೆಗಳಲ್ಲಿ 'ಹ'ಕಾರವಾಗುತ್ತದೆ. ಇಂಗ್ಲಿಷರ ನೂರು 'ಹಂಡ್ರೆಡ್' ಆದಂತೆಯೇ ಅವರ ನಾಯಿ 'ಹೌಂಡ್' ಆಯಿತು. ಎಂದಮೇಲೆ ಶ್ವಾನದಳದ ಕೆನಲ್ ಎಂದು ನಾವು ಹೇಳುವಾಗ, ಸಾವಿರಾರು ವರ್ಷಗಳ ಹಿಂದೆ ಬೇರೆ ಬೇರೆ ದಿಕ್ಕಿಗೆ ಹೊರಟ ಒಂದೇ ಮನೆಯ ಇಬ್ಬರು ನಮ್ಮ ವಾಕ್ಯದಲ್ಲಿ ಪಕ್ಕಪಕ್ಕ ನಿಂತಿರುತ್ತಾರೆ. ನಮ್ಮ 'ನಾಯಿ' ಈ ಕುಟುಂಬದ್ದಲ್ಲ. ಅದು ತಮಿಳು, ತುಳು, ಮಲಯಾಳಗಳೊಡನೆ ಹಂಚಿಕೊಂಡ ದ್ರಾವಿಡ ಮಾತು.

ಇಂಗ್ಲಿಷರಿಗೆ 1066ಕ್ಕೆ ಮೊದಲೂ ನಾಯಿ ಇತ್ತು. 'ಹುಂಡ್' ಎಂಬ ಅಚ್ಚ ಪದವೂ ಇತ್ತು. ಹಾಗಿರುವಾಗ ನಾಯಿಯ ಮನೆಗೆ ಗೆದ್ದವರ ಮಾತು ಏಕೆ ಬೇಕಾಯಿತು? ಉತ್ತರ ಸಿಗಬೇಕಾದರೆ ಉಳಿದ ಪ್ರಾಣಿಗಳ ಮನೆಗಳನ್ನೂ ಸಾಲಾಗಿ ನೋಡಬೇಕು. ಹಂದಿಯ ಗೂಡಿಗೆ 'ಸ್ಟೈ', ಕುರಿದೊಡ್ಡಿಗೆ 'ಫೋಲ್ಡ್', ಹಸುವಿನ ಕೊಟ್ಟಿಗೆಗೆ 'ಬೈರ್', ಕುರಿ ಪಾರಿವಾಳಗಳ ಗುಡಿಸಲಿಗೆ 'ಕೋಟ್'. ಇವೆಲ್ಲ ಹಳೆಯ ಇಂಗ್ಲಿಷಿನ ಅಚ್ಚ ಪದಗಳು, ಉಳುವವರ ಮಾತುಗಳು. ಕುದುರೆಲಾಯಕ್ಕೆ ಬನ್ನಿ: 'ಸ್ಟೇಬಲ್', ಫ್ರೆಂಚಿನಿಂದ ಬಂದದ್ದು. ಬೇಟೆಗೆ ಪಳಗಿಸಿದ ಗಿಡುಗಗಳನ್ನು ಗರಿ ಉದುರುವ ಕಾಲದಲ್ಲಿ ಇಡುತ್ತಿದ್ದ ಮನೆ 'ಮ್ಯೂಸ್'. ಗರಿ ಉದುರಿಸು ಎಂಬ ಫ್ರೆಂಚ್ ಕ್ರಿಯಾಪದದಿಂದ ಹುಟ್ಟಿದ್ದು. ಲಂಡನ್ನಿನ ಚೇರಿಂಗ್ ಕ್ರಾಸ್ ಬಳಿ ಅರಸನ ಗಿಡುಗಗಳಿದ್ದ ಮ್ಯೂಸ್ 1534ರಲ್ಲಿ ಸುಟ್ಟುಹೋಯಿತು. ಆ ಜಾಗದಲ್ಲಿ ಮತ್ತೆ ಕಟ್ಟಿದ ಕುದುರೆಲಾಯಕ್ಕೂ ಹಳೆಯ ಹೆಸರೇ ನಿಂತಿತು. ಇಂದು ಅರಮನೆಯ ಕುದುರೆಗಾಡಿಗಳಿರುವ ತಾಣ 'ರಾಯಲ್ ಮ್ಯೂಸ್'. ನಾಯಿಗಳಿಗೆ ಕೆನಲ್. ಕುದುರೆ, ಗಿಡುಗ, ಬೇಟೆನಾಯಿ: ಒಡೆಯನ ಕೈಗೆ ಮತ್ತು ಒಡೆಯನ ಆಟಕ್ಕೆ ಸೇರಿದ ಮೂರರ ಮನೆಗಳಿಗೂ ಫ್ರೆಂಚ್ ಹೆಸರು. ಬದುಕಿಗಾಗಿ ಸಾಕಿದ ಹಂದಿ, ಹಸು, ಕುರಿಗಳ ಮನೆಗಳಿಗೆ ಇಂಗ್ಲಿಷ್ ಹೆಸರು.

ವಾಲ್ಟರ್ ಸ್ಕಾಟ್ 1819ರ 'ಐವಾನ್‌ಹೋ' ಕಾದಂಬರಿಯಲ್ಲಿ ವಿದೂಷಕನ ಬಾಯಲ್ಲಿ ಹೇಳಿಸಿದ ವಿಚಾರ ಇಂಗ್ಲಿಷ್ ಸಾಹಿತ್ಯ ಓದಿದವರಿಗೆಲ್ಲ ನೆನಪಿದ್ದೀತು. ಕಾಯುವಾಗ ಪ್ರಾಣಿಗೆ ಸ್ಯಾಕ್ಸನ್ ಹೆಸರು, ಒಡೆಯನ ತಟ್ಟೆಗೆ ಮಾಂಸವಾಗಿ ಬಂದಾಗ ಫ್ರೆಂಚ್ ಹೆಸರು ಎಂಬುದು ಅದರ ಸಾರ. ತಟ್ಟೆಯ ಬಗ್ಗೆ ಸ್ಕಾಟ್ ಹೇಳಿದ್ದನ್ನು ನಾನು ಮನೆಗೆ ಅನ್ವಯಿಸುತ್ತಿದ್ದೇನೆ. ಇಂಥ ನಿಯಮಗಳಿಗೆ ಅಪವಾದ ಇದ್ದೇ ಇರುತ್ತವೆ. 'ಸ್ಟಾಲ್' ಎಂಬ ಅಚ್ಚ ಇಂಗ್ಲಿಷ್ ಪದ ಕುದುರೆಗೂ ಸಲ್ಲುತ್ತದೆ. 'ಸ್ಟೇಬಲ್' ಮೊದಮೊದಲು ದನಗಳನ್ನೂ ಒಳಗೊಂಡಿತ್ತು. ಆದರೂ ಒಟ್ಟು ಚಿತ್ರ ಮಸುಕಾಗುವುದಿಲ್ಲ, ಏಕೆಂದರೆ ನಾಯಿಯ ವಿಷಯದಲ್ಲಿ ಪದಚರಿತ್ರೆಯ ಹಿಂದೆ ಕಾನೂನಿನ ಚರಿತ್ರೆಯೂ ಇದೆ.

ನಾರ್ಮನ್ ಅರಸರು ಇಂಗ್ಲೆಂಡಿನ ದೊಡ್ಡ ದೊಡ್ಡ ಪ್ರದೇಶಗಳನ್ನು ಅರಸನ ಅರಣ್ಯ ಎಂದು ಘೋಷಿಸಿದರು. ಅರಣ್ಯ ಎಂದರೆ ಮರಗಳಷ್ಟೇ ಎಂದು ತಿಳಿಯಬಾರದು. ಹಳ್ಳಿ, ಹೊಲ, ಹುಲ್ಲುಗಾವಲುಗಳೂ ಅದರೊಳಗೇ ಇದ್ದವು. ಅಲ್ಲಿಯ ಜಿಂಕೆ ಅರಸನದು. ಆ ಸರಹದ್ದಿನೊಳಗೆ ರೈತ ಕಾವಲಿಗೆ ನಾಯಿ ಸಾಕಬಹುದಿತ್ತು, ಆದರೆ ಅದು ಜಿಂಕೆಯನ್ನು ಬೆನ್ನಟ್ಟದಂತೆ ಅದರ ಮುಂಗಾಲಿನ ಮೂರು ಬೆರಳುಗಳನ್ನು ಕತ್ತರಿಸಬೇಕು. 1217ರ ಅರಣ್ಯ ಸನ್ನದು ಜನರಿಗೆ ಹಲವು ರಿಯಾಯಿತಿಗಳನ್ನು ಕೊಟ್ಟ ದಾಖಲೆ ಎಂದು ಹೆಸರಾಗಿದೆ. ಅದೇ ಸನ್ನದಿನಲ್ಲಿ ಈ ಕತ್ತರಿಸುವ ಕ್ರಮವೂ ನಮೂದಾಗಿದೆ: ಅಂಗಾಲಿನ ಮೆತ್ತೆಯನ್ನು ಮುಟ್ಟದೆ ಮೂರು ಬೆರಳು ತೆಗೆಯಬೇಕು, ಮೂರು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು, ಕತ್ತರಿಸದ ನಾಯಿ ಸಿಕ್ಕಿದರೆ ಯಜಮಾನ ಮೂರು ಶಿಲ್ಲಿಂಗ್ ದಂಡ ತೆರಬೇಕು. ರಿಯಾಯಿತಿ ಎಂದರೆ ಅಷ್ಟು. 1390ರಲ್ಲಿ ಎರಡನೆಯ ರಿಚರ್ಡನ ಕಾಲದ ಕಾನೂನು ಇನ್ನೂ ಮುಂದೆ ಹೋಗಿ, ವರ್ಷಕ್ಕೆ ನಲವತ್ತು ಶಿಲ್ಲಿಂಗ್ ಉತ್ಪತ್ತಿಯ ಭೂಮಿ ಇಲ್ಲದ ಸಾಮಾನ್ಯ ಮನುಷ್ಯ ಬೇಟೆನಾಯಿ ಸಾಕುವಂತೆಯೇ ಇಲ್ಲ ಎಂದಿತು. 'ಕೆನಲ್' ಇಂಗ್ಲಿಷ್ ಬರಹದಲ್ಲಿ ಕಾಲೂರಿದ ಶತಮಾನವೂ ಅದೇ. ಒಡೆಯನ ನಾಯಿಗೆ ಕಟ್ಟಡ, ರೈತನ ನಾಯಿಗೆ ಕುಂಟುಗಾಲು. ಈ ಪದದ ಅರ್ಥ ಬರೆಯುವವರು ಎರಡನ್ನೂ ಒಟ್ಟಿಗೆ ನೆನಪಿಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಆ ಕಟ್ಟಡ ಹೇಗಿರಬೇಕು ಎಂಬುದಕ್ಕೆ ಒಂದು ಅಪೂರ್ವ ದಾಖಲೆ ಉಳಿದಿದೆ. ಪಿರೆನೀಸ್ ಪರ್ವತಗಳ ತಪ್ಪಲಿನ ಫ್ವಾ ಸೀಮೆಯ ಕೌಂಟ್ ಗಾಸ್ತೋ ಫೀಬಸ್ 1387ರಲ್ಲಿ ಬೇಟೆಯ ಬಗ್ಗೆ ಫ್ರೆಂಚಿನಲ್ಲಿ ಒಂದು ದೊಡ್ಡ ಗ್ರಂಥ ಬರೆಯಲು ತೊಡಗಿದ. ಅದನ್ನು 15ನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷಿಗೆ ತಂದವನು ಯಾರ್ಕಿನ ಡ್ಯೂಕ್ ಎಡ್ವರ್ಡ್. ತನ್ನ ಅನುಭವದ ಅಧ್ಯಾಯಗಳನ್ನೂ ಸೇರಿಸಿ ಅದಕ್ಕೆ 'ದ ಮಾಸ್ಟರ್ ಆಫ್ ಗೇಮ್' ಎಂದು ಹೆಸರಿಟ್ಟ. 1415ರ ಅಜಿಂಕೂರ್ ಯುದ್ಧದಲ್ಲಿ ಅವನು ಸತ್ತ. ಅವನ ಪುಸ್ತಕದಲ್ಲಿ ಕೆನಲ್ ಕಟ್ಟುವ ಬಗೆಗೇ ಒಂದು ಅಧ್ಯಾಯವಿದೆ. ನಾಯಿಗಳು ಹೆಚ್ಚಿದ್ದರೆ ಮನೆ ಹತ್ತು ಮಾರು ಉದ್ದ, ಐದು ಮಾರು ಅಗಲ ಇರಬೇಕು. ನಮ್ಮ ಲೆಕ್ಕದಲ್ಲಿ ಅರವತ್ತು ಅಡಿಗೆ ಮೂವತ್ತು. ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಹಿಂಬಾಗಿಲಾಚೆ ಬೆಳಗಿನಿಂದ ಸಂಜೆಯವರೆಗೂ ಬಿಸಿಲು ಬೀಳುವ, ಬೇಲಿ ಹಾಕಿದ ಹುಲ್ಲಿನಂಗಳ. ನಾಯಿಗಳು ಬೇಕೆಂದಾಗ ಹೊರಗೆ ಹೋಗಿ ಬರುವಂತೆ ಆ ಬಾಗಿಲು ಯಾವಾಗಲೂ ತೆರೆದಿರಬೇಕು. ಚಳಿಗಾಲಕ್ಕೆ ಬೆಚ್ಚಗೂ ಬೇಸಿಗೆಗೆ ತಂಪಾಗಿಯೂ ಇರಲೆಂದು ಮೇಲೊಂದು ಅಟ್ಟ. ನೆಲದಿಂದ ಒಂದಡಿ ಎತ್ತರಕ್ಕೆ ಹಲಗೆಯ ಹಾಸು, ಅದರ ಮೇಲೆ ದಿನವೂ ಬದಲಿಸುವ ಹೊಸ ಹುಲ್ಲು. ಗಂಜಲ ಹರಿದುಹೋಗಲು ಮೋರಿ. ಹೊಳೆ ಈಜಿಯೋ ಮಳೆಯಲ್ಲಿ ನೆನೆದೋ ಬಂದ ನಾಯಿಗಳು ಮೈ ಕಾಯಿಸಿಕೊಳ್ಳಲು ಬೆಂಕಿಗೂಡು ಮತ್ತು ಹೊಗೆಗೂಡು.

ಹೊಗೆಗೂಡಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ಆ ಕಾಲದ ಇಂಗ್ಲೆಂಡಿನ ರೈತನ ಮನೆಯಲ್ಲಿ ನಡುಮನೆಯ ನೆಲದ ಮೇಲೇ ಬೆಂಕಿ. ಹೊಗೆ ಮಾಡಿನ ಸಂದಿಯಲ್ಲೋ ಬಾಗಿಲಲ್ಲೋ ತಾನಾಗಿ ದಾರಿ ಹುಡುಕಿಕೊಳ್ಳಬೇಕು. ಸಾಮಾನ್ಯರ ಮನೆಗಳಿಗೆ ಹೊಗೆಗೂಡು ಬಂದದ್ದು 16ನೆಯ ಶತಮಾನದಲ್ಲಿ. ಅದಕ್ಕೂ ನೂರೈವತ್ತು ವರ್ಷ ಮೊದಲೇ ಡ್ಯೂಕನ ಪುಸ್ತಕ ನಾಯಿಗಳಿಗೆ ಅದು ಬೇಕೇ ಬೇಕು ಎನ್ನುತ್ತದೆ. ಇನ್ನೂ ಮನಸ್ಸಿಗೆ ತಾಕುವ ಸಂಗತಿ ಬೇರೆ ಇದೆ. ನಾಯಿಗಳು ಒಂದನ್ನೊಂದು ಕಚ್ಚಾಡದಂತೆ ರಾತ್ರಿ ಅವುಗಳ ಜೊತೆ ಕೆನಲ್ಲಿನಲ್ಲೇ ಒಬ್ಬ ಹುಡುಗ ಮಲಗಬೇಕು. ಈ ಕಸುಬಿಗೆ ಏಳೆಂಟು ವರ್ಷದ ಮಗುವನ್ನು ಆರಿಸಿಕೊಳ್ಳಬೇಕು ಎಂಬುದು ಆ ಪುಸ್ತಕದ ಸಲಹೆ. ಪ್ರತಿ ನಾಯಿಯ ಹೆಸರು, ಬಣ್ಣಗಳನ್ನು ಬರೆದು ಕೊಟ್ಟು, ಅವನಿಗೆ ಬಾಯಿಪಾಠ ಆಗುವವರೆಗೂ ಕಲಿಸಬೇಕು. ದಿನವೂ ಹುಲ್ಲು ತೆಗೆದು ಹೊಸದು ಹಾಸುವುದು, ನೀರು ತುಂಬುವುದು, ಮೈ ತಿಕ್ಕುವುದು ಅವನ ಕೆಲಸ. ಕೆನಲ್ ಎಂಬ ಪದದೊಳಗೆ ನಾಯಿಗಳ ಜೊತೆಗೆ ಈ ಹುಡುಗನೂ ಮಲಗಿದ್ದಾನೆ. ಆ ನಾಯಿಗಳ ಹೆಸರುಗಳು ಪಟ್ಟಿಯಾಗಿ ಬರೆದಿಡಲ್ಪಟ್ಟವು. ಅವನ ಹೆಸರು ಯಾವ ಪಟ್ಟಿಗೂ ಸೇರಲಿಲ್ಲ.

ಈ ವಿವರಗಳಿಂದ ಇನ್ನೊಂದು ಮಾತು ಸ್ಪಷ್ಟವಾಗುತ್ತದೆ. ಕೆನಲ್ ಹುಟ್ಟಿನಿಂದಲೇ ಬಹುವಚನದ ಮನೆ. ಒಂಟಿ ನಾಯಿಯ ಗೂಡು ಅದರ ಮೂಲ ಅರ್ಥವಲ್ಲ. ಹಿಂಡು, ಆಳುಗಳು, ಹುಲ್ಲು, ನೀರು, ವೇಳಾಪಟ್ಟಿ ಇವೆಲ್ಲ ಸೇರಿದ ಒಂದು ಇಲಾಖೆ ಅದು. ಆದ್ದರಿಂದಲೇ ಮನೆಯ ಹೆಸರು ಬಹುಬೇಗ ಹಿಂಡಿನ ಹೆಸರಾಯಿತು. 1486ರಲ್ಲಿ ಅಚ್ಚಾದ 'ಸೇಂಟ್ ಆಲ್ಬನ್ಸ್ ಪುಸ್ತಕ' ಎಂಬ ಬೇಟೆಯ ಕೈಪಿಡಿಯಲ್ಲಿ ಪ್ರಾಣಿ ಸಮೂಹಗಳ ಹೆಸರುಗಳ ಪ್ರಸಿದ್ಧ ಪಟ್ಟಿಯೊಂದಿದೆ. ಮೂಸಿ ಬೆನ್ನಟ್ಟುವ ನಾಯಿಗಳ ಗುಂಪಿಗೆ ಅಲ್ಲಿ 'ಕೆನಲ್' ಎಂದೇ ಹೆಸರು. ಬೇಟೆಗಾರರ ಪರಿಭಾಷೆ ಪದವನ್ನು ಇನ್ನೊಂದು ಕಡೆಗೂ ಎಳೆದುಕೊಂಡು ಹೋಯಿತು. ಯಾವ ಪ್ರಾಣಿ ಅಡಗುವುದಕ್ಕೆ ಯಾವ ಕ್ರಿಯಾಪದ ಬಳಸಬೇಕು ಎಂಬುದು ಕುಲೀನರು ಕಲಿಯಬೇಕಾದ ವಿದ್ಯೆಯಾಗಿತ್ತು. ಗಂಡು ಜಿಂಕೆಗೊಂದು, ಮೊಲಕ್ಕೊಂದು, ಕಾಡುಹಂದಿಗೊಂದು; ನರಿಯಾದರೆ 'ಕೆನಲ್' ಮಾಡುತ್ತದೆ. ಬೆನ್ನಟ್ಟುವ ನಾಯಿಗೂ ಬೆನ್ನಟ್ಟಿಸಿಕೊಳ್ಳುವ ನರಿಗೂ ಒಂದೇ ಪದದಲ್ಲಿ ಮನೆ ಸಿಕ್ಕಿತು.

18ನೆಯ ಶತಮಾನದ ಹೊತ್ತಿಗೆ ಈ ಇಲಾಖೆ ವೈಭವದ ತುದಿ ಮುಟ್ಟಿತು. ಫ್ರಾನ್ಸಿನ ಶಾಂತಿಯಿಯಲ್ಲಿ ಬೂರ್ಬೋ ಡ್ಯೂಕನಿಗಾಗಿ ಜ್ಯಾನ್ ಓಬೇರ್ ಎಂಬ ವಾಸ್ತುಶಿಲ್ಪಿ 1719ರಿಂದ ಕಟ್ಟಲು ತೊಡಗಿದ ಮಹಾಲಾಯದಲ್ಲಿ 240 ಕುದುರೆಗಳ ಜೊತೆಗೆ 150 ಬೇಟೆನಾಯಿಗಳಿಗೂ ಜಾಗವಿತ್ತು. ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ರಿಚ್ಮಂಡಿನ ಮೂರನೆಯ ಡ್ಯೂಕ್ 1787ರಲ್ಲಿ ಜೇಮ್ಸ್ ವ್ಯಾಟ್‌ನಿಂದ ಕಟ್ಟಿಸಿದ ಕೆನಲ್ಲಿಗೆ ಆರು ಸಾವಿರ ಪೌಂಡ್ ಖರ್ಚಾಯಿತು. ಆ ಕಟ್ಟಡದಲ್ಲಿ ಕೊಳವೆಗಳ ಮೂಲಕ ಬಿಸಿ ಹಾಯಿಸುವ ಏರ್ಪಾಟು ಇತ್ತು. ಡ್ಯೂಕನ ಸ್ವಂತ ಮನೆಗೆ ಅಂಥ ಸೌಕರ್ಯ ಬಂದದ್ದು ಸುಮಾರು ನೂರು ವರ್ಷ ಕಳೆದ ಮೇಲೆ. ಗುಡ್‌ವುಡ್ ಕೆನಲ್ ಇಂದು ಒಂದು ಕ್ಲಬ್ಬಿನ ಮನೆ.

ಇಷ್ಟರ ನಡುವೆ ಇಂಗ್ಲಿಷಿನಲ್ಲಿ ಅದೇ ಕಾಗುಣಿತದ ಇನ್ನೊಂದು 'ಕೆನಲ್' ಇತ್ತೆಂಬುದನ್ನು ಭಾಷಾಂತರಕಾರರಿಗೆ ಎಚ್ಚರಿಸಬೇಕು. ಇದರ ಅರ್ಥ ಬೀದಿಯ ಮೋರಿ. ಮೂಲ ಬೇರೆ: ಲ್ಯಾಟಿನ್ನಿನಲ್ಲಿ 'ಕನ್ನ' ಎಂದರೆ ಜೊಂಡು, ಲಾಳದಂಥ ಹುಲ್ಲು; ಅದರಿಂದ ಕೊಳವೆ, ಕಾಲುವೆ ಎಂಬರ್ಥದ 'ಕನಾಲಿಸ್'. ಇಂಗ್ಲಿಷಿನ 'ಕೆನಾಲ್', 'ಚಾನೆಲ್' ಮತ್ತು ಈ ಮೋರಿಯ 'ಕೆನಲ್' ಮೂರೂ ಅದರ ಸಂತಾನ. ಸ್ಯಾಮ್ಯುಯಲ್ ಜಾನ್ಸನ್ ತನ್ನ 1755ರ ನಿಘಂಟಿನಲ್ಲಿ ನಾಯಿಯ ಗುಡಿಸಲು, ನಾಯಿಗಳ ಹಿಂಡು, ನರಿಯ ಬಿಲ ಇವುಗಳ ಜೊತೆಗೆ ಬೀದಿಯ ನೀರುದಾರಿ ಎಂಬ ಅರ್ಥವನ್ನೂ ಕೊಟ್ಟಿದ್ದಾನೆ. ಚಾರ್ಲ್ಸ್ ಡಿಕನ್ಸ್ 1859ರ 'ಎ ಟೇಲ್ ಆಫ್ ಟು ಸಿಟೀಸ್' ಕಾದಂಬರಿಯಲ್ಲಿ ಪ್ಯಾರಿಸ್ಸಿನ ಬಡವರ ಕೇರಿಯ ನಡುವೆ ಹರಿಯುವ 'ಕೆನಲ್' ಎಂದಾಗ ಅಲ್ಲಿ ನಾಯಿಯ ಸುಳಿವಿಲ್ಲ. ಅದು ನಮ್ಮ ಚರಂಡಿ, ಉತ್ತರ ಕರ್ನಾಟಕದ ಗಟಾರ. ಷೇಕ್ಸ್‌ಪಿಯರ್‌ನಲ್ಲಿ ಎರಡು ಅರ್ಥಗಳೂ ಬರುತ್ತವೆ. ಧ್ವನಿಸಾಮ್ಯ ನಂಬಿ ಮೋಸಹೋಗಬಾರದು ಎಂಬುದಕ್ಕೆ 'ಕೆನಿಲ್‌ವರ್ತ್' ಕೋಟೆಯ ಹೆಸರೂ ಒಂದು ಪಾಠ: ಅದರೊಳಗಿರುವುದು ಕೆನಲ್ ಅಲ್ಲ, ಕ್ಯೂನೆಹಿಲ್ಡ್ ಎಂಬ ಹಳೆಯ ಇಂಗ್ಲಿಷ್ ಹೆಂಗಸಿನ ಹೆಸರು. ಮೋರಿಯ 'ಕೆನಲ್' ಈಗ ಬಳಕೆಯಿಂದ ಬಿದ್ದುಹೋಗಿದೆ. ಪುಸ್ತಕಗಳಲ್ಲಿ ಮಾತ್ರ ಕಾದು ಕುಳಿತಿದೆ.

19ನೆಯ ಶತಮಾನದಲ್ಲಿ ಒಡೆಯರು ಬದಲಾದರು, ಪದದ ಸ್ವಭಾವ ಬದಲಾಗಲಿಲ್ಲ. 1859ರ ಜೂನ್ ತಿಂಗಳಲ್ಲಿ ನ್ಯೂಕ್ಯಾಸಲ್‌ನಲ್ಲಿ ಪಾಯಿಂಟರ್ ಮತ್ತು ಸೆಟರ್ ಜಾತಿಯ ಬೇಟೆನಾಯಿಗಳಿಗಷ್ಟೇ ಒಂದು ಪ್ರದರ್ಶನ ನಡೆಯಿತು. ಬಂದದ್ದು 60 ನಾಯಿಗಳು. ಆಮೇಲೆ ಪ್ರದರ್ಶನಗಳು ಊರೂರಿಗೆ ಹಬ್ಬಿ, ಯಾವ ನಾಯಿ ಯಾರ ಮರಿ ಎಂಬ ಜಗಳಗಳು ಹೆಚ್ಚಿದವು. ಪಾರ್ಲಿಮೆಂಟ್ ಸದಸ್ಯ ಸೆವಾಲಿಸ್ ಎವಲಿನ್ ಶರ್ಲಿ ಮುಂದಾಳಾಗಿ 13 ಮಂದಿ ಗಣ್ಯರು 1873ರ ಏಪ್ರಿಲ್ 4ರಂದು ಲಂಡನ್ನಿನಲ್ಲಿ ಸೇರಿ 'ಕೆನಲ್ ಕ್ಲಬ್' ಕಟ್ಟಿದರು. ಮರುವರ್ಷವೇ ವಂಶಾವಳಿಯ ಮೊದಲ ಪುಸ್ತಕ ಹೊರಬಂತು. ಅಮೆರಿಕದ ಕೆನಲ್ ಕ್ಲಬ್ ಹುಟ್ಟಿದ್ದು 1884ರಲ್ಲಿ. ಕ್ಲಬ್ಬಿಗೆ 'ಡಾಗ್' ಎಂಬ ಮಾತು ಸಾಲದೆ 'ಕೆನಲ್' ಬೇಕಾದದ್ದು ನನಗೆ ಸಹಜವಾಗಿಯೇ ಕಾಣುತ್ತದೆ. ಅವರ ಕಾಳಜಿ ಒಂದು ನಾಯಿಯ ಮೇಲಿರಲಿಲ್ಲ. ತಳಿ, ದಾಖಲೆ, ಮನೆತನಗಳ ಮೇಲಿತ್ತು. ಬೇಟೆಯ ಒಡೆಯ ಕಾಡಿಗೆ ಬೇಲಿ ಹಾಕಿದ್ದ. ಕ್ಲಬ್ಬು ರಕ್ತಸಂಬಂಧಕ್ಕೆ ಬೇಲಿ ಹಾಕಿತು. ಇಂದಿನ ಪಶುವೈದ್ಯರು 'ಕೆನಲ್ ಕೆಮ್ಮು' ಎನ್ನುವುದೂ ಅದೇ ಬಹುವಚನದ ನೆನಪು. ಹತ್ತಾರು ನಾಯಿಗಳನ್ನು ಒತ್ತೊತ್ತಾಗಿ ಇಟ್ಟ ಕಡೆ ಒಂದರಿಂದ ಒಂದಕ್ಕೆ ಗಾಳಿಯಲ್ಲಿ ಹರಡುವ ಶ್ವಾಸನಾಳದ ಸೋಂಕು ಅದು.

ಕ್ಲಬ್ ಹುಟ್ಟುವುದಕ್ಕೆ 13 ವರ್ಷ ಮೊದಲು, 1860ರಲ್ಲಿ, ಅದೇ ಲಂಡನ್ನಿನ ಹಾಲೋವೇ ಬಡಾವಣೆಯಲ್ಲಿ ಮೇರಿ ಟೀಲ್ಬಿ ಎಂಬ ಹೆಂಗಸು ಬೀದಿಪಾಲಾದ ನಾಯಿಗಳಿಗೆ ಒಂದು ತಾಣ ಮಾಡಿದಳು. ಅದಕ್ಕೆ ಅವಳು ಕೊಟ್ಟ ಹೆಸರು 'ಕಳೆದುಹೋದ, ಹಸಿದ ನಾಯಿಗಳ ತಾತ್ಕಾಲಿಕ ಮನೆ'. ಇಂಗ್ಲಿಷಿನಲ್ಲಿ ಅವಳು ಬಳಸಿದ ಮಾತು 'ಹೋಮ್': ಅಚ್ಚ ಹಳೆಯ ಇಂಗ್ಲಿಷ್ ಪದ, ಮನುಷ್ಯರ ಮನೆಗೆ ಸಲ್ಲುವಂಥದ್ದು. ಪತ್ರಿಕೆಗಳು ಗೇಲಿ ಮಾಡಿದವು. ಮನುಷ್ಯರಿಗೇ ಇಲ್ಲದ್ದು ನಾಯಿಗೆ ಏಕೆ ಎಂದವು. 1862ರಲ್ಲಿ ಡಿಕನ್ಸ್ ನಡೆಸುತ್ತಿದ್ದ 'ಆಲ್ ದ ಇಯರ್ ರೌಂಡ್' ವಾರಪತ್ರಿಕೆ ಮಾತ್ರ ಇಸ್ಲಿಂಗ್ಟನ್ನಿನ ವೈಭವದ ನಾಯಿಪ್ರದರ್ಶನವನ್ನೂ ಪಕ್ಕದ ಹಾಲೋವೇಯ ಈ ಬಡನಾಯಿಗಳನ್ನೂ ಒಂದೇ ಲೇಖನದಲ್ಲಿ ಜೋಡಿಸಿ ಬರೆದು ಟೀಲ್ಬಿಯ ಪರ ನಿಂತಿತು. 1871ರಲ್ಲಿ ಆ ಮನೆ ಬ್ಯಾಟರ್ಸಿಗೆ ಹೋಯಿತು, ಇಂದಿಗೂ ಅಲ್ಲಿದೆ. ಒಡೆಯನಿಲ್ಲದ ನಾಯಿಗೆ ಮನೆ ಬೇಕಾದಾಗ ಒಡೆಯರ ಪದವನ್ನು ಬದಿಗಿಟ್ಟ ಆ ಹೆಂಗಸಿನ ವಿವೇಕ ದೊಡ್ಡದು. ಅವಳು ನಾಯಿಗಳನ್ನು ಎಷ್ಟು ಪ್ರೀತಿಸಿದಳೋ ಭಾಷೆಯನ್ನೂ ಅಷ್ಟೇ ಸೂಕ್ಷ್ಮವಾಗಿ ಕೇಳಿಸಿಕೊಂಡಿದ್ದಳು ಎಂದು ನನ್ನ ನಂಬಿಕೆ.

ಒಂಟಿ ನಾಯಿಯ ಗೂಡು ಎಂಬ ಅರ್ಥವನ್ನು ಅಮೆರಿಕದ ಇಂಗ್ಲಿಷ್ ಬಹುಮಟ್ಟಿಗೆ 'ಡಾಗ್‌ಹೌಸ್'ಗೆ ಬಿಟ್ಟುಕೊಟ್ಟಿತು. ಬ್ರಿಟಿಷರು ಅಲ್ಲಿಯೂ ಕೆನಲ್ ಎನ್ನುವುದನ್ನು ಬಿಡಲಿಲ್ಲ. ಜೆ. ಎಂ. ಬ್ಯಾರಿಯ 1911ರ 'ಪೀಟರ್ ಅಂಡ್ ವೆಂಡಿ'ಯಲ್ಲಿ, ಮಕ್ಕಳು ಹಾರಿಹೋಗಲು ತಾನೇ ಕಾರಣನೆಂದು ನೊಂದ ತಂದೆ ಅವರು ಬರುವವರೆಗೂ ನಾಯಿಯ ಕೆನಲ್ಲಿನಲ್ಲೇ ವಾಸಿಸುತ್ತಾನೆ.

ಇನ್ನು ನಮ್ಮ ನಾಡಿಗೆ ಬರೋಣ. ಬೇಟೆನಾಯಿಗೆ ಮಾನ ಕೊಟ್ಟ ಅರಸು ಸಂಸ್ಕೃತಿ ಇಲ್ಲಿಯೂ ಇತ್ತು. ಕ್ರಿ.ಶ. 949ರ ಸುಮಾರಿನಲ್ಲಿ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರನಿಗೆ ಗಂಗರ ಇಮ್ಮಡಿ ಬೂತುಗ ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು 'ಕಾಳಿ' ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ತಟ್ಟುತ್ತದೆ ಎಂದು ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ನಾಯಿಗಳ ಬೇಟೆಯ ವಿನೋದಕ್ಕೇ ಒಂದು ಭಾಗವಿದೆ. ಈ ಹೊತ್ತು ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯ ಮುಧೋಳ ತಳಿಗಾಗಿ ಶ್ವಾನ ಸಂಶೋಧನಾ ಕೇಂದ್ರ ನಡೆಸುತ್ತಿದೆ. ನಾಯಿಯ ವಿಷಯದಲ್ಲಿ ನಾವು ಬಡವರಲ್ಲ.

ಆದರೆ ಊರಿನ ಆಡುಮಾತಿನಲ್ಲಿ ದನಕ್ಕೆ ಕೊಟ್ಟಿಗೆ, ಕುರಿಗೆ ಹಟ್ಟಿ, ರೊಪ್ಪ, ದೊಡ್ಡಿ, ಕುದುರೆಗೆ ಲಾಯ, ಕೋಳಿಗೆ ಗೂಡು ಮತ್ತು ಮಂಕರಿ ಎಂದು ಸಾಲುಸಾಲು ಮಾತುಗಳಿರುವಾಗ, ನಾಯಿಗೆ ಅಷ್ಟೇ ಗಟ್ಟಿಯಾದ ಒಂದು ಪದ ನನ್ನ ಕಿವಿಗೆ ಬಿದ್ದಿಲ್ಲ. ನಮ್ಮ ಹಳ್ಳಿಯ ನಾಯಿ ಜಗಲಿಯ ಮೇಲೆ, ಒಲೆಯ ಬೂದಿಯಲ್ಲಿ, ಹುಲ್ಲುಮೆದೆಯ ಬುಡದಲ್ಲಿ, ಕಣದಲ್ಲಿ ಮಲಗಿತು; ಕಟ್ಟಿಹಾಕದ ಜೀವಕ್ಕೆ ಕಟ್ಟಡ ಬೇಕಾಗಲಿಲ್ಲ. ಹಾಗಾಗಿ ಬಹುವಚನದ, ಬೇಲಿಯ, ಬಾಡಿಗೆಯ ತಾಣಕ್ಕೆ 'ಕೆನಲ್' ಎಂಬ ಎರವಲು ಪದ ಇದ್ದರೆ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಅಂಗಳದ ಒಂಟಿ ಗೂಡಿಗೆ 'ನಾಯಿಗೂಡು' ಎಂದು ಬಾಯಿತುಂಬ ಹೇಳೋಣ. ಬೀದಿನಾಯಿಗಳ ಆಸರೆಗೆ ಮೇರಿ ಟೀಲ್ಬಿ ಮಾಡಿದಂತೆ 'ಮನೆ' ಎಂದೇ ಬರೆಯೋಣ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ ಇದೆ. ನಿಮ್ಮ ಊರುಗಳಲ್ಲಿ, ಕುರಿ ಕಾಯುವವರಲ್ಲಿ, ಹಕ್ಕಿಪಿಕ್ಕಿ, ಬೇಡ, ಹಾಲುಮತದ ಹಿರಿಯರಲ್ಲಿ, ಮುಧೋಳ ಸೀಮೆಯ ಮನೆಗಳಲ್ಲಿ ನಾಯಿ ಮಲಗುವ ತಾಣಕ್ಕೆ ಏನಾದರೂ ಹೆಸರಿದೆಯೇ ಎಂದು ಕೇಳಿ. ಸಿಕ್ಕ ಮಾತನ್ನು ಊರು, ತಾಲ್ಲೂಕು, ಹೇಳಿದವರ ಕಸುಬು ಸಮೇತ ಬರೆದುಕೊಂಡು ನಿಮ್ಮ ಕನ್ನಡ ವಿಭಾಗಕ್ಕೆ ತಂದುಕೊಡಿ. ಈ ದತ್ತಿಯ ಮುಂದಿನ ಉಪನ್ಯಾಸ ಆ ಪಟ್ಟಿಯನ್ನು ಕುರಿತೇ ನಡೆಯಲಿ ಎಂದು ಸಂಘಟಕರನ್ನು ವಿನಂತಿಸುತ್ತೇನೆ.